ವಿಶ್ಲೇಷಣೆಯ ಫಲಿತಾಂಶವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕಳಿಸುವಾಗ

ಲೆಕ್ಕ ಮುಗಿದಿದೆ. ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್, ಪೈಥಾನ್, ಎಸ್‌ಪಿಎಸ್‌ಎಸ್‌ನಂಥ ಯಾವುದೋ ತಂತ್ರಾಂಶದಲ್ಲಿ ಕೂತು ಉತ್ತರ ಕಂಡುಕೊಂಡಿದ್ದೀರಿ. ಈಗ ಅದನ್ನು ಜೊತೆಯವರಿಗೆ ಕಳಿಸಬೇಕು. ಅವರಲ್ಲಿ ಎಷ್ಟೋ ಜನರ ಕಂಪ್ಯೂಟರಿನಲ್ಲಿ ಆರ್ ಇಲ್ಲ. ಆದರೆ ಎಕ್ಸೆಲ್ ಇದೆ, ಅದಿಲ್ಲದಿದ್ದರೆ ಲಿಬ್ರೆಆಫೀಸ್ ಅಥವಾ ಗೂಗಲ್ ಶೀಟ್ಸ್ ಇದೆ. ಹಾಗಾಗಿ ಟೇಬಲ್‌ಗಳನ್ನೆಲ್ಲ ಒಂದು ಫೈಲಿಗೆ ಹಾಕಿ ಮೇಲ್ ಮಾಡುತ್ತೀರಿ. ಎರಡು ವಾರ ಬಿಟ್ಟು ಫೋನ್ ಬರುತ್ತದೆ. "ಎರಡನೇ ಶೀಟಿನಲ್ಲಿ 0.43 ಅಂತ ಇದೆಯಲ್ಲ, ಅದೇನು?" ಆ ಹೊತ್ತಿಗೆ ನಿಮಗೂ ಅದು ನೆನಪಿರುವುದಿಲ್ಲ.

ನನಗೆ ಇಂಥ ಫೋನ್ ಎಷ್ಟೋ ಸಲ ಬಂದಿದೆ. ಫೋನ್ ಬಂದರೆ ಒಳ್ಳೆಯದೇ, ಉತ್ತರ ಹೇಳಬಹುದು. ಭಯ ಇರುವುದು ಫೋನ್ ಮಾಡದವರ ಬಗ್ಗೆ. ಫೈಲ್ ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋಗುತ್ತದೆ. ಮೂರನೆಯವರಿಗೆ ನಾವು ಯಾರೆಂದೇ ಗೊತ್ತಿರುವುದಿಲ್ಲ. ಅವರು 0.43 ಅನ್ನು ತಮಗೆ ತೋಚಿದ ಹಾಗೆ ಓದಿಕೊಂಡು ವರದಿಯಲ್ಲಿ ಬರೆದುಬಿಡುತ್ತಾರೆ. ನಮ್ಮನ್ನು ಕೇಳದೆಯೇ ಅರ್ಥವಾಗುವ ಫೈಲ್ ಮಾಡುವುದು ಹೇಗೆ ಅನ್ನುವುದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ ಕೇಳಿ

ಫೈಲ್ ತೆರೆಯುವವರು ಅದರಿಂದ ಏನು ಮಾಡುತ್ತಾರೆ? ಸುಮ್ನೆ ಓದುತ್ತಾರಾ, ವರದಿಗೆ ಟೇಬಲ್ ಎತ್ತಿಕೊಳ್ಳುತ್ತಾರಾ, ಅಥವಾ ನಿಮ್ಮ ಅಂಕಿಗಳ ಮೇಲೆ ಇನ್ನೊಂದು ಲೆಕ್ಕ ಕಟ್ಟುತ್ತಾರಾ? ಓದುವವರಿಗೆ ದಶಮಾಂಶದ ನಂತರ ಒಂದು ಅಂಕಿ ಸಾಕು. ಲೆಕ್ಕ ಮುಂದುವರಿಸುವವರಿಗೆ ಪೂರ್ತಿ ಅಂಕಿ ಬೇಕು. ವರದಿ ಬರೆಯುವವರಿಗೆ ಐದು ಸಾಲಿನ ಟೇಬಲ್ ಸಾಕು, ನೀವು ಓಡಿಸಿದ ಇಪ್ಪತ್ತು ಮಾಡೆಲ್‌ಗಳು ಬೇಡ. ಕಳಿಸುವ ಮುಂಚೆ ಎರಡು ನಿಮಿಷ ಮಾತಾಡಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಮೊದಲ ಶೀಟಿನಲ್ಲಿ ವಿವರ ಬರೆಯಿರಿ

ಫೈಲ್ ತೆರೆದ ಕೂಡಲೇ ಕಾಣುವ ಶೀಟಿಗೆ "ಮೊದಲು ಓದಿ" ಎಂದು ಹೆಸರಿಡಿ. ಅಲ್ಲಿ ಟೇಬಲ್ ಇರಬಾರದು, ಮಾತು ಇರಬೇಕು. ಯಾವ ಪ್ರಶ್ನೆಗೆ ಉತ್ತರ ಹುಡುಕಿದಿರಿ, ಮಾಹಿತಿ ಎಲ್ಲಿಂದ ಬಂತು, ಯಾವ ದಿನದವರೆಗಿನದು, ಒಟ್ಟು ಎಷ್ಟು ದಾಖಲೆಗಳಿದ್ದವು, ಅದರಲ್ಲಿ ಎಷ್ಟನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ. ಯಾವ ಟೆಸ್ಟ್ ಮಾಡಿದಿರಿ. ಯಾವ ತಂತ್ರಾಂಶ, ಯಾವ ಆವೃತ್ತಿ. ಕೆಳಗೆ ಒಂದೊಂದು ಶೀಟಿನಲ್ಲಿ ಏನಿದೆ ಎಂದು ಒಂದೊಂದು ಸಾಲು. ಕೊನೆಗೆ ನಿಮ್ಮ ಹೆಸರು ಮತ್ತು ತಾರೀಖು.

ಇವುಗಳಲ್ಲಿ ಜನ ಹೆಚ್ಚಾಗಿ ಮರೆಯುವುದು "ಯಾಕೆ ಬಿಟ್ಟಿರಿ" ಅನ್ನುವುದನ್ನು. 180 ಜನರಲ್ಲಿ 163 ಜನರ ಮಾಹಿತಿ ಮಾತ್ರ ಬಳಸಿದ್ದರೆ, ಉಳಿದ 17 ಜನ ಎಲ್ಲಿ ಹೋದರು ಎಂದು ಒಂದು ಸಾಲು ಬರೆಯಿರಿ. ಓದುವವರು ಫಲಿತಾಂಶವನ್ನು ನಂಬಬೇಕೋ ಬೇಡವೋ ಎಂದು ನಿರ್ಧರಿಸುವುದು ಬಹಳ ಸಲ ಆ ಒಂದು ಸಾಲಿನ ಮೇಲೆ.

ಇದರ ಪಕ್ಕದಲ್ಲೇ ಇನ್ನೊಂದು ಶೀಟ್ ಇಡಿ: ಕಾಲಂಗಳ ಅರ್ಥ. ಎಡಕ್ಕೆ ಕಾಲಂ ಹೆಸರು, ನಡುವೆ ಅರ್ಥ, ಬಲಕ್ಕೆ ಅಳತೆಯ ಘಟಕ. "ಸಮಯ" ಎಂದರೆ ನಿಮಿಷವೋ ಗಂಟೆಯೋ? "ಬದಲಾವಣೆ" ಎಂದರೆ ಶೇಕಡಾವಾರೋ, ಶೇಕಡಾ ಅಂಶವೋ? 40 ಶೇಕಡಾ ಇದ್ದದ್ದು 50 ಆದರೆ ಅದು 10 ಶೇಕಡಾ ಅಂಶದ ಏರಿಕೆ, ಆದರೆ ಮೊದಲಿಗಿಂತ 25 ಶೇಕಡಾ ಜಾಸ್ತಿ. ಎರಡೂ ಸರಿ. ಯಾವುದನ್ನು ಹೇಳುತ್ತಿದ್ದೀರಿ ಎಂದು ಬರೆಯದಿದ್ದರೆ ಓದುವವರು ಊಹೆ ಮಾಡಬೇಕಾಗುತ್ತದೆ.

ಒಂದು ಸಾಲಿಗೆ ಒಂದು ಫಲಿತಾಂಶ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಚಿಕಿತ್ಸಾಲಯದಲ್ಲಿ ಬೆಳಗಿನ ಪಾಳಿಗೂ ಸಂಜೆಯ ಪಾಳಿಗೂ ರೋಗಿಗಳು ಕಾಯುವ ಸಮಯದಲ್ಲಿ ವ್ಯತ್ಯಾಸ ಇದೆಯಾ ಎಂದು ನೋಡಿದ್ದೀರಿ. ಟೇಬಲ್ ಹೀಗಿರಲಿ:

| ಪಾಳಿ | ರೋಗಿಗಳು | ಸರಾಸರಿ_ನಿಮಿಷ | ಎಸ್‌ಡಿ_ನಿಮಿಷ |
|---|---|---|---|
| ಬೆಳಿಗ್ಗೆ | 84 | 31.4 | 16.2 |
| ಸಂಜೆ | 79 | 38.9 | 18.6 |

ಹೋಲಿಕೆಗೆ ಇನ್ನೊಂದು ಶೀಟ್:

| ಹೋಲಿಕೆ | ವ್ಯತ್ಯಾಸ_ನಿಮಿಷ | ಕೆಳಮಿತಿ_95 | ಮೇಲ್ಮಿತಿ_95 | ಪಿ | ಟೆಸ್ಟ್ |
|---|---|---|---|---|---|
| ಸಂಜೆ ಕಳೆ ಬೆಳಿಗ್ಗೆ | 7.5 | 2.1 | 12.9 | 0.007 | ವೆಲ್ಚ್ ಟಿ-ಟೆಸ್ಟ್ |

ಎಸ್‌ಡಿ ಎಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ. ಪಿ ಎಂದರೆ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವ. ವೆಲ್ಚ್ ಟಿ-ಟೆಸ್ಟ್ ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಒಂದು ವಿಧಾನ. ಇಲ್ಲಿ ಕೆಲವು ವಿಷಯ ಗಮನಿಸಿ. ಸರಾಸರಿಯ ಪಕ್ಕದಲ್ಲೇ ಎಷ್ಟು ಜನ ಎಂಬುದಿದೆ. ಘಟಕ ಕಾಲಂ ಹೆಸರಿನಲ್ಲೇ ಇದೆ. ಯಾವುದರಿಂದ ಯಾವುದನ್ನು ಕಳೆದದ್ದು ಎಂದು ಬರೆದಿದೆ. ಇದನ್ನು ಬಿಟ್ಟರೆ 7.5 ನಿಮಿಷ ಜಾಸ್ತಿ ಕಾದವರು ಯಾರು ಎಂದೇ ಗೊತ್ತಾಗುವುದಿಲ್ಲ. ಕಾನ್ಫಿಡೆನ್ಸ್ ಇಂಟರ್ವಲ್‌ನ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿಯ) ಎರಡು ತುದಿಗಳು ಎರಡು ಬೇರೆ ಕಾಲಂಗಳಲ್ಲಿವೆ. "2.1 ರಿಂದ 12.9" ಎಂದು ಒಂದೇ ಸೆಲ್‌ನಲ್ಲಿ ತುರುಕಿದರೆ ಅದು ಬರೀ ಪಠ್ಯವಾಗುತ್ತದೆ. ಅದರಿಂದ ಚಾರ್ಟ್ ಮಾಡಲು ಬರುವುದಿಲ್ಲ, ಸಾರ್ಟ್ ಮಾಡಲೂ ಬರುವುದಿಲ್ಲ. "31.4 ± 16.2" ಇನ್ನೂ ತೊಂದರೆ. ಆ ± ನಂತರದ ಅಂಕಿ ಸ್ಟ್ಯಾಂಡರ್ಡ್ ಡೀವಿಯೇಶನ್ನೋ, ಸರಾಸರಿಯೇ ಎಷ್ಟು ಆಚೀಚೆ ಇರಬಹುದು ಎಂದು ಹೇಳುವ ಸ್ಟ್ಯಾಂಡರ್ಡ್ ಎರರ್ರೋ? ನಮ್ಮ ಉದಾಹರಣೆಯಲ್ಲಿ ಮೊದಲನೆಯದು 16.2, ಎರಡನೆಯದು ಸುಮಾರು 1.8. ಒಂಬತ್ತು ಪಟ್ಟು ವ್ಯತ್ಯಾಸ.

ಸೆಲ್‌ಗಳನ್ನು ಮರ್ಜ್ ಮಾಡಬೇಡಿ. ಚೆಂದ ಕಾಣಲಿ ಎಂದು ನಡುವೆ ಖಾಲಿ ಕಾಲಂ ಬಿಡಬೇಡಿ. ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಒಮ್ಮೆ ಗುಂಪುಗಳ ಹೆಸರಿಗೂ ಅಂಕಿಗಳಿಗೂ ನಡುವೆ ಒಂದು ಖಾಲಿ ಕಾಲಂ ಬಿಟ್ಟಿದ್ದೆ. ಸಹೋದ್ಯೋಗಿಯೊಬ್ಬರು ಅಂಕಿಗಳ ಕಡೆ ಒಂದು ಸೆಲ್ ಒತ್ತಿ ಸಾರ್ಟ್ ಮಾಡಿದರು. ಎಕ್ಸೆಲ್ ಖಾಲಿ ಕಾಲಂನವರೆಗೆ ಮಾತ್ರ ಒಂದು ಟೇಬಲ್ ಎಂದು ತಿಳಿಯುತ್ತದೆ. ಅಂಕಿಗಳು ಮೇಲೆ ಕೆಳಗೆ ಆದವು, ಹೆಸರುಗಳು ಇದ್ದಲ್ಲೇ ಉಳಿದವು. ಯಾವ ಎಚ್ಚರಿಕೆಯೂ ಬರಲಿಲ್ಲ. ಒಂದು ಗುಂಪಿನ ಫಲಿತಾಂಶ ಇನ್ನೊಂದರ ಹೆಸರಿನಲ್ಲಿ ಸಭೆಯವರೆಗೂ ಹೋಯಿತು. ಜಾಗ ಬೇಕೆಂದರೆ ಕಾಲಂ ಅಗಲ ಮಾಡಿ, ಸಾಕು.

ಬಣ್ಣದ ಬಗ್ಗೆಯೂ ಒಂದು ಮಾತು. ಮುಖ್ಯವಾದ ಸಾಲುಗಳಿಗೆ ಹಳದಿ ಬಳಿದರೆ ತಪ್ಪಿಲ್ಲ. ಆದರೆ ಅರ್ಥ ಬಣ್ಣದಲ್ಲಿ ಮಾತ್ರ ಇರಬಾರದು. ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಪಠ್ಯದ ಫೈಲ್) ಮಾಡಿದ ಕ್ಷಣ ಬಣ್ಣ ಹೋಗುತ್ತದೆ. ಕೆಂಪು ಹಸಿರು ಬೇರೆ ಬೇರೆ ಕಾಣದವರೂ ಇರುತ್ತಾರೆ. "ಗಮನಿಸಿ" ಎಂಬ ಒಂದು ಕಾಲಂ ಸೇರಿಸಿ, ಅಲ್ಲಿ ಬರೆಯಿರಿ.

ಅಂಕಿಗಳನ್ನು ಎಷ್ಟು ಉದ್ದ ಬರೆಯಬೇಕು

ಆರ್ 31.4285714 ಎಂದು ಕೊಟ್ಟಿದೆ ಎಂದು ಅಷ್ಟನ್ನೂ ತೋರಿಸಬೇಕಿಲ್ಲ. ಕಾಯುವ ಸಮಯವನ್ನು ನಿಮಿಷದಲ್ಲಿ ಅಳೆದಿದ್ದೀರಿ, ಸರಾಸರಿಗೆ ಒಂದು ದಶಮಾಂಶ ಸಾಕು. ಆದರೆ ಅಂಕಿಯನ್ನೇ ಕತ್ತರಿಸಿ ಬರೆಯಬೇಡಿ. ಸೆಲ್ ಫಾರ್ಮ್ಯಾಟ್ ಬದಲಿಸಿ. ಆಗ ಕಣ್ಣಿಗೆ 31.4 ಕಾಣುತ್ತದೆ, ಒಳಗೆ ಪೂರ್ತಿ ಅಂಕಿ ಉಳಿಯುತ್ತದೆ. ಓದುವವರಿಗೂ ಅನುಕೂಲ, ಲೆಕ್ಕ ಮುಂದುವರಿಸುವವರಿಗೂ ಅನುಕೂಲ.

ಇದರಿಂದ ಒಂದು ಸಣ್ಣ ಗೊಂದಲ ಬರುತ್ತದೆ, ಮೊದಲೇ ಹೇಳಿಬಿಡಿ. ಸರಾಸರಿಗಳು 38.86 ಮತ್ತು 31.44 ಎಂದಿಟ್ಟುಕೊಳ್ಳಿ. ತೆರೆಯ ಮೇಲೆ 38.9 ಮತ್ತು 31.4 ಕಾಣುತ್ತವೆ. ಕಳೆದರೆ 7.5 ಬರಬೇಕು ಅಲ್ವಾ? ಆದರೆ ವ್ಯತ್ಯಾಸದ ಕಾಲಂ 7.4 ಎನ್ನುತ್ತದೆ. ನಿಜವಾದ ವ್ಯತ್ಯಾಸ 7.42. ಲೆಕ್ಕ ತಪ್ಪಾಗಿದೆ ಎಂದು ಯಾರಾದರೂ ಗಾಬರಿಯಾಗುವ ಮುಂಚೆ, "ದಶಮಾಂಶ ಕಡಿಮೆ ಮಾಡಿ ತೋರಿಸುವುದರಿಂದ ಕೊನೆಯ ಅಂಕಿ ಬದಲಾಗಬಹುದು" ಎಂದು ಮೊದಲ ಶೀಟಿನಲ್ಲಿ ಬರೆದಿಡಿ.

ಪಿ-ವ್ಯಾಲ್ಯೂವನ್ನು 0.000 ಎಂದು ಬಿಡಬೇಡಿ. ಅದು ಸೊನ್ನೆ ಅಲ್ಲ, ತೋರಿಸಲು ಜಾಗ ಸಾಲದಷ್ಟು ಚಿಕ್ಕದು. ಓದುವ ಟೇಬಲ್‌ನಲ್ಲಿ "<0.001" ಎಂದು ಬರೆಯಿರಿ, ಪೂರ್ತಿ ಅಂಕಿಯನ್ನು ಬೇರೆ ಕಾಲಂನಲ್ಲಿ ಇಡಿ. ಪಿ 0.05ಕ್ಕಿಂತ ಕಡಿಮೆ ಇದ್ದರೆ ಹಾಕುವ ನಕ್ಷತ್ರ ಗುರುತುಗಳನ್ನು ಮಾತ್ರ ಕೊಟ್ಟು ಅಂಕಿಯನ್ನು ಬಿಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. 0.049ಕ್ಕೆ ಒಂದು ನಕ್ಷತ್ರ, 0.051ಕ್ಕೆ ಏನೂ ಇಲ್ಲ. ಎರಡರ ನಡುವೆ ಅಷ್ಟು ದೊಡ್ಡ ಗೋಡೆ ಏನಿದೆ?

ಇನ್ನೊಂದು ವಿಷಯ ಬಹಳ ಜನರಿಗೆ ಆಶ್ಚರ್ಯ ತರುತ್ತದೆ. 2.5 ಅನ್ನು ಪೂರ್ಣಾಂಕ ಮಾಡಿದರೆ ಎಕ್ಸೆಲ್ 3 ಎನ್ನುತ್ತದೆ. ಆರ್ ಮತ್ತು ಪೈಥಾನ್ (ಮೂರನೇ ಆವೃತ್ತಿ) ಎರಡೂ 2 ಎನ್ನುತ್ತವೆ, ಯಾಕೆಂದರೆ ಸರಿಯಾಗಿ ಅರ್ಧ ಬಂದಾಗ ಅವು ಹತ್ತಿರದ ಸಮಸಂಖ್ಯೆಗೆ ಹೋಗುತ್ತವೆ. ಮಾಹಿತಿಯನ್ನು ನಾಲ್ಕು ಸಮಭಾಗ ಮಾಡುವ ಕ್ವಾರ್ಟೈಲ್‌ಗಳ ಕಥೆಯೂ ಹೀಗೇ. ಆರ್ ತಾನಾಗಿ ಬಳಸುವ ವಿಧಾನವೂ ಎಸ್‌ಪಿಎಸ್‌ಎಸ್ ತಾನಾಗಿ ಬಳಸುವ ವಿಧಾನವೂ ಬೇರೆ ಬೇರೆ. ನಿಮ್ಮ ಅಂಕಿಗೂ ಸಹೋದ್ಯೋಗಿ ಎಕ್ಸೆಲ್‌ನಲ್ಲಿ ಮಾಡಿದ ಅಂಕಿಗೂ ಚೂರು ಹೊಂದದಿದ್ದರೆ ಮೊದಲು ಇದನ್ನು ನೋಡಿ. ಸ್ಟ್ಯಾಂಡರ್ಡ್ ಡೀವಿಯೇಶನ್ ಹೊಂದದಿದ್ದರೆ, ಒಬ್ಬರು ಒಟ್ಟು ಸಂಖ್ಯೆಯಿಂದ, ಇನ್ನೊಬ್ಬರು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಿದ್ದಾರೆಯೇ ಎಂದು ನೋಡಿ. ಎಕ್ಸೆಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಫಂಕ್ಷನ್‌ಗಳಿವೆ.

ಸ್ಪ್ರೆಡ್‌ಶೀಟ್ ತಾನಾಗಿ ಮಾಡುವ ಬದಲಾವಣೆಗಳು

ಈ ಹಂತದಲ್ಲಿ ಆತುರ ಮಾಡಬೇಡಿ. ನೀವು ಸರಿಯಾಗಿ ಕಳಿಸಿದ್ದನ್ನು ಆ ಕಡೆ ತೆರೆಯುವ ತಂತ್ರಾಂಶ ಬದಲಾಯಿಸಿಬಿಡಬಹುದು.

ವಯಸ್ಸಿನ ಗುಂಪುಗಳನ್ನೇ ತೆಗೆದುಕೊಳ್ಳಿ. "5-9" ಮತ್ತು "10-14" ಎಂದು ಸಿಎಸ್‌ವಿಯಲ್ಲಿ ಕಳಿಸಿದರೆ ಎಕ್ಸೆಲ್ ಅವನ್ನು ತಾರೀಖು ಮಾಡುತ್ತದೆ. "45-49" ಹಾಗೇ ಉಳಿಯುತ್ತದೆ, ಯಾಕೆಂದರೆ ಅಂಥ ತಾರೀಖು ಇಲ್ಲ. ಕೆಳಗಿನ ಸಾಲುಗಳು ಸರಿ ಕಾಣುವುದರಿಂದ ಮೇಲಿನವು ಕೆಟ್ಟಿರುವುದು ಕಣ್ಣಿಗೆ ಬೀಳುವುದಿಲ್ಲ. "5 ರಿಂದ 9" ಎಂದು ಬರೆದರೆ ಈ ತೊಂದರೆ ಇಲ್ಲ.

ಜೀನ್‌ಗಳ ಮೇಲೆ ಕೆಲಸ ಮಾಡುವವರು ಇದರಿಂದ ಪಟ್ಟ ಪಾಡು ದೊಡ್ಡದು. ಸೆಪ್ಟ್2, ಮಾರ್ಚ್1 ಎಂಬ ಜೀನ್ ಹೆಸರುಗಳು ಎಕ್ಸೆಲ್‌ನಲ್ಲಿ ಸೆಪ್ಟೆಂಬರ್ 2, ಮಾರ್ಚ್ 1 ಆಗುತ್ತಿದ್ದವು. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಎಕ್ಸೆಲ್ ಜೀನ್ ಪಟ್ಟಿಗಳನ್ನು ಜೊತೆಗೆ ಕೊಟ್ಟ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಕಂಡಿತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಆ ಹೆಸರುಗಳನ್ನೇ ಬದಲಿಸಿತು. ಸೆಪ್ಟ್2 ಈಗ ಸೆಪ್ಟಿನ್2. ಈ ತಾನಾಗಿ ಬದಲಿಸುವ ಚಾಳಿಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಎಕ್ಸೆಲ್‌ಗೆ ಸೇರಿಸಿತು. ಆದರೆ ನಿಮ್ಮ ಫೈಲ್ ತೆರೆಯುವವರು ಅದನ್ನು ಒತ್ತಿರುತ್ತಾರೆ ಎಂದು ನಂಬಿಕೊಳ್ಳಲಾಗದು.

ಗುರುತಿನ ಸಂಖ್ಯೆಗಳೂ ಹೀಗೇ ಕೆಡುತ್ತವೆ. 00417 ಎಂಬುದು 417 ಆಗುತ್ತದೆ. ಎಕ್ಸೆಲ್ ಒಂದು ಅಂಕಿಯಲ್ಲಿ 15 ಸ್ಥಾನ ಮಾತ್ರ ಇಟ್ಟುಕೊಳ್ಳುತ್ತದೆ, 16 ಅಂಕಿಯ ಸಂಖ್ಯೆ ಇದ್ದರೆ ಕೊನೆಯದು ಸೊನ್ನೆಯಾಗುತ್ತದೆ. ಗುರುತಿನ ಸಂಖ್ಯೆಯನ್ನು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಆದ್ದರಿಂದ ಅದನ್ನು ಪಠ್ಯ ಎಂದು ಫಾರ್ಮ್ಯಾಟ್ ಮಾಡಿ ಎಕ್ಸ್‌ಎಲ್‌ಎಸ್‌ಎಕ್ಸ್ (ಎಕ್ಸೆಲ್‌ನ ಈಗಿನ ಫೈಲ್ ಮಾದರಿ) ಆಗಿ ಉಳಿಸಿ. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಿರಿ: 2024-03-05. 5/3 ಎಂದರೆ ಕೆಲವರಿಗೆ ಮಾರ್ಚ್, ಕೆಲವರಿಗೆ ಮೇ.

ಉತ್ತರ ಸಿಗದ ಕಡೆ ಏನು ಬರೆಯುತ್ತೀರಿ? ಸರ್ವೆಗಳಲ್ಲಿ 999 ಹಾಕುವ ಪದ್ಧತಿ ಇದೆ. ಅದನ್ನು ಹಾಗೇ ಬಿಟ್ಟು ಕಳಿಸಿದರೆ ಏನಾಗುತ್ತದೆ ನೋಡಿ. ಹತ್ತು ಜನರಲ್ಲಿ ಒಂಬತ್ತು ಜನರ ವಯಸ್ಸು 30, ಒಬ್ಬರದು 999. ಸರಾಸರಿ 126.9 ಬರುತ್ತದೆ. ಇಷ್ಟು ದೊಡ್ಡದಾದರೆ ಯಾರಾದರೂ ಹಿಡಿಯುತ್ತಾರೆ. ಸಾವಿರ ಜನರಲ್ಲಿ ಇಬ್ಬರದು ಹೀಗಿದ್ದರೆ ಸರಾಸರಿ ಬರೀ ಎರಡು ವರ್ಷ ಏರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಸೆಲ್ ಖಾಲಿ ಬಿಡಿ, ಮತ್ತು ಖಾಲಿ ಎಂದರೆ "ಮಾಹಿತಿ ಇಲ್ಲ" ಎಂದು ಮೊದಲ ಶೀಟಿನಲ್ಲಿ ಹೇಳಿ. ಸೊನ್ನೆ ಬೇರೆ, ಖಾಲಿ ಬೇರೆ.

ಕನ್ನಡದಲ್ಲಿ ಹೆಸರುಗಳಿರುವ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಅಕ್ಷರಗಳ ಜಾಗದಲ್ಲಿ ವಿಚಿತ್ರ ಗುರುತುಗಳು ಬಂದದ್ದನ್ನು ನೀವೂ ನೋಡಿರಬಹುದು. ಉಳಿಸುವಾಗ "ಸಿಎಸ್‌ವಿ ಯುಟಿಎಫ್-8" ಎಂಬುದನ್ನು ಆರಿಸಿದರೆ ಸರಿಹೋಗುತ್ತದೆ. ನನ್ನನ್ನು ಕೇಳಿದರೆ, ಜನ ಓದುವ ಫಲಿತಾಂಶಕ್ಕೆ ಎಕ್ಸ್‌ಎಲ್‌ಎಸ್‌ಎಕ್ಸ್, ಇನ್ನೊಂದು ಪ್ರೋಗ್ರಾಂ ಓದುವ ಮಾಹಿತಿಗೆ ಸಿಎಸ್‌ವಿ. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬಳಸುವ ದೇಶಗಳಲ್ಲಿ ಕೂತವರಿಗೆ ಸಿಎಸ್‌ವಿ ಕಳಿಸಿದರೆ ಅಂಕಿಗಳೇ ಕೆಡಬಹುದು. ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಆ ತೊಂದರೆ ಇಲ್ಲ.

ಫಾರ್ಮುಲಾ ಇಡಬೇಕಾ, ಬೇಡವಾ

ಇದಕ್ಕೆ ಒಂದು ಹಳೆಯ ಘಟನೆ ಹೇಳಬೇಕು. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಒಂದು ಪ್ರಬಂಧ ಬರೆದರು. ಸಾಲ ಜಿಡಿಪಿಯ 90 ಶೇಕಡಾ ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕಡಿಮೆ, -0.1 ಶೇಕಡಾ ಎಂದಿತ್ತು. ಎಷ್ಟೋ ಸರ್ಕಾರಗಳ ಚರ್ಚೆಯಲ್ಲಿ ಆ ಮಾತು ಓಡಾಡಿತು. ಥಾಮಸ್ ಹೆರ್ಂಡನ್ ಎಂಬ ವಿದ್ಯಾರ್ಥಿಗೆ ಅದೇ ಲೆಕ್ಕ ಮಾಡಿದರೆ ಅದೇ ಉತ್ತರ ಬರಲಿಲ್ಲ. ಅವರು ಲೇಖಕರನ್ನೇ ಕೇಳಿ ಮೂಲ ಸ್ಪ್ರೆಡ್‌ಶೀಟ್ ತರಿಸಿಕೊಂಡರು. ಸರಾಸರಿಯ ಫಾರ್ಮುಲಾ ಕೊನೆಯವರೆಗೆ ಹೋಗದೆ ಐದು ದೇಶಗಳನ್ನು ಬಿಟ್ಟುಬಿಟ್ಟಿತ್ತು. ಅದನ್ನೂ, ಲೆಕ್ಕದ ವಿಧಾನದಲ್ಲಿದ್ದ ಬೇರೆ ಕೊರತೆಗಳನ್ನೂ ಸರಿಪಡಿಸಿ 2013ರಲ್ಲಿ ಹೆರ್ಂಡನ್ ಮತ್ತು ಅವರ ಅಧ್ಯಾಪಕರು ಕೊಟ್ಟ ಅಂಕಿ 2.2 ಶೇಕಡಾ.

ಇದನ್ನು ಎಕ್ಸೆಲ್ ನಂಬಬಾರದು ಎನ್ನುವುದಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಇನ್ನೊಂದು ಕಡೆಯೂ ಕಾಣುತ್ತದೆ. ಫಾರ್ಮುಲಾ ಇದ್ದ ಫೈಲನ್ನು ಲೇಖಕರು ಹಂಚಿಕೊಂಡದ್ದರಿಂದಲೇ ತಪ್ಪು ಎಲ್ಲಿದೆ ಎಂದು ಸಿಕ್ಕಿತು.

ಹಾಗಾಗಿ ನಾನು ಪಾಲಿಸುವುದು ಇಷ್ಟು. ಆರ್‌ನಲ್ಲಿ ಮಾಡಿದ ಲೆಕ್ಕದ ಉತ್ತರ ಇರುವ ಶೀಟಿನಲ್ಲಿ ಅಂಕಿ ಮಾತ್ರ. ಸ್ಪ್ರೆಡ್‌ಶೀಟ್ ಒಳಗೇ ಮಾಡಿದ ಲೆಕ್ಕಕ್ಕೆ ಬೇರೆ ಶೀಟ್, ಅಲ್ಲಿ ಫಾರ್ಮುಲಾ ಹಾಗೇ ತೆರೆದಿರಬೇಕು. ಎರಡನ್ನೂ ಒಂದೇ ಕಾಲಂನಲ್ಲಿ ಬೆರೆಸುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವ ಇನ್ನೊಂದು ಫೈಲಿಗೆ ಲಿಂಕ್ ಆಗಿರುವ ಫಾರ್ಮುಲಾ ಇದ್ದರೆ ಅದನ್ನು ಅಂಕಿಯಾಗಿ ಬದಲಿಸಿ. ಆ ಕಡೆ ಲಿಂಕ್ ತೆರೆಯುವುದಿಲ್ಲ.

ಆರ್ ಪರದೆಯಿಂದ ಎಕ್ಸೆಲ್‌ಗೆ ಕೈಯಲ್ಲಿ ಕಾಪಿ ಪೇಸ್ಟ್ ಮಾಡುವುದನ್ನು ಆದಷ್ಟು ಬಿಡಿ. ಆರ್‌ನಲ್ಲಿ ಮಾಡೆಲ್ ಫಲಿತಾಂಶವನ್ನು ಟೇಬಲ್ ಮಾಡಿಕೊಡುವ ಬ್ರೂಮ್, ಅದನ್ನು ಫೈಲಿಗೆ ಬರೆಯುವ ರೈಟ್‌ಎಕ್ಸ್‌ಎಲ್ ಅಥವಾ ಓಪನ್‌ಎಕ್ಸ್‌ಎಲ್‌ಎಸ್‌ಎಕ್ಸ್ ಪ್ಯಾಕೇಜ್‌ಗಳಿವೆ. ಪೈಥಾನ್‌ನಲ್ಲಿ ಪಾಂಡಾಸ್ ಸಾಕು. ಮೂಲ ಮಾಹಿತಿ ಬದಲಾದಾಗ ಕೋಡ್ ಮತ್ತೆ ಓಡಿಸಿದರೆ ಇಡೀ ಫೈಲ್ ಹೊಸದಾಗಿ ಬರುತ್ತದೆ. ಒಂದೇ ಒಂದು ಎಚ್ಚರಿಕೆ: ಶೀಟಿನ ಹೆಸರು 31 ಅಕ್ಷರ ಮೀರಬಾರದು, ಎಕ್ಸೆಲ್ ಒಪ್ಪುವುದಿಲ್ಲ.

ಕಳಿಸಬಾರದ್ದು ಒಳಗೆ ಉಳಿದಿದೆಯೇ

2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಒಂದು ಮಾಹಿತಿ ಹಕ್ಕಿನ ಅರ್ಜಿಗೆ ಸ್ಪ್ರೆಡ್‌ಶೀಟ್ ರೂಪದಲ್ಲಿ ಉತ್ತರ ಕೊಟ್ಟಿತು. ಕೇಳಿದ್ದು ಯಾವ ಹುದ್ದೆಯಲ್ಲಿ ಎಷ್ಟು ಜನ ಎಂಬ ಲೆಕ್ಕ. ಆದರೆ ಫೈಲಿನಲ್ಲಿ ಮರೆಮಾಡಿದ ಒಂದು ಶೀಟ್ ಉಳಿದಿತ್ತು. ಅದರಲ್ಲಿ 9,400ಕ್ಕೂ ಹೆಚ್ಚು ಪೊಲೀಸರು ಮತ್ತು ಸಿಬ್ಬಂದಿಯ ಹೆಸರು, ಹುದ್ದೆ, ಕೆಲಸದ ಜಾಗ ಇದ್ದವು. ಅದು ಸಾರ್ವಜನಿಕ ವೆಬ್‌ಸೈಟಿಗೆ ಹೋಯಿತು. ಅಲ್ಲಿ ಪೊಲೀಸರ ಜೀವಕ್ಕೇ ಅಪಾಯ ಇದೆ. ಮುಂದಿನ ವರ್ಷ ಇಲಾಖೆಗೆ 7.5 ಲಕ್ಷ ಪೌಂಡ್ ದಂಡ ಬಿತ್ತು.

ಹೈಡ್ ಮಾಡುವುದೆಂದರೆ ಅಳಿಸುವುದಲ್ಲ. ಮೂಲ ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವಟ್ ಟೇಬಲ್ ಕಳಿಸಿದರೂ ಇದೇ ಅಪಾಯ. ಮೂಲ ಶೀಟನ್ನು ಅಳಿಸಿದ್ದರೂ ಪಿವಟ್‌ನ ಒಳಗೆ ಮಾಹಿತಿಯ ಒಂದು ಪ್ರತಿ ಉಳಿದಿರಬಹುದು. ಒಂದು ಅಂಕಿಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದರ ಹಿಂದಿನ ಜನರ ಸಾಲುಗಳೆಲ್ಲ ತೆರೆದುಕೊಳ್ಳುತ್ತವೆ. ನಾನು ಮಾಡುವುದು ಇಷ್ಟೇ: ಕೆಲಸ ಮಾಡಿದ ಫೈಲನ್ನು ಯಾವತ್ತೂ ಕಳಿಸುವುದಿಲ್ಲ. ಹೊಸ ಖಾಲಿ ಫೈಲ್ ತೆರೆದು, ಬೇಕಾದ ಟೇಬಲ್‌ಗಳ ಅಂಕಿಗಳನ್ನು ಮಾತ್ರ ಅದಕ್ಕೆ ಬರೆಸುತ್ತೇನೆ.

ಹೆಸರು ಇಲ್ಲದಿದ್ದರೂ ಜನ ಗುರುತು ಸಿಗಬಹುದು. ಒಂದು ಗುಂಪಿನಲ್ಲಿ ಇಬ್ಬರೇ ಇದ್ದರೆ ಅವರು ಯಾರೆಂದು ಹತ್ತಿರದವರಿಗೆ ಗೊತ್ತಾಗಿಬಿಡುತ್ತದೆ. ಅಂಥ ಕಡೆ "5ಕ್ಕಿಂತ ಕಡಿಮೆ" ಎಂದು ಬರೆಯಿರಿ. ಪಕ್ಕದಲ್ಲಿ ಒಟ್ಟು ಮೊತ್ತ ಇದ್ದರೆ ಕಳೆದು ಕಂಡುಹಿಡಿಯಬಹುದು, ಆಗ ಇನ್ನೊಂದು ಸೆಲ್ ಕೂಡ ಮುಚ್ಚಬೇಕಾಗುತ್ತದೆ.

ಕಳಿಸುವ ಮುಂಚೆ

ಫೈಲ್ ಮುಚ್ಚಿ. ಸಾಧ್ಯವಾದರೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯಿರಿ. ಮೂರು ಅಂಕಿಗಳನ್ನು ಆರಿಸಿ ಮೂಲ ಔಟ್‌ಪುಟ್ ಜೊತೆ ಕಣ್ಣಲ್ಲೇ ಹೋಲಿಸಿ: ಮೊದಲ ಸಾಲಿನದು, ನಡುವಿನದು, ಕೊನೆಯದು. ಕೊನೆಯ ಸಾಲನ್ನು ಬಿಡಲೇಬೇಡಿ.

ಯಾಕೆಂದರೆ ಕಳೆದುಹೋಗುವುದು ಕೊನೆಯ ಸಾಲುಗಳೇ. ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ, ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಹಳೆಯ ಎಕ್ಸ್‌ಎಲ್‌ಎಸ್ ಮಾದರಿಗೆ ಹಾಕುತ್ತಿದ್ದರು, ಜಾಗ ತುಂಬಿದ ಮೇಲೆ ಬಂದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಆ ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಮೂಲದಲ್ಲಿದ್ದ ಸಾಲುಗಳ ಸಂಖ್ಯೆ, ಫೈಲಿಗೆ ಬಂದ ಸಾಲುಗಳ ಸಂಖ್ಯೆ ಎರಡನ್ನೂ ಎಣಿಸಿ. ಮೊದಲ ಶೀಟಿನಲ್ಲಿ "ಈ ಟೇಬಲ್‌ನಲ್ಲಿ 212 ಸಾಲುಗಳಿವೆ" ಎಂದು ಬರೆದಿದ್ದರೆ ತೆರೆದವರೂ ಎಣಿಸಬಹುದು.

ಫೈಲ್ ಹೆಸರಿನಲ್ಲಿ ವಿಷಯ ಮತ್ತು ತಾರೀಖು ಇರಲಿ: "ಕಾಯುವ_ಸಮಯ_ಫಲಿತಾಂಶ_2024-03-05". "ಫೈನಲ್", "ಫೈನಲ್2", "ನಿಜವಾದ_ಫೈನಲ್" ಇವು ಬೇಡ. ಮೇಲ್‌ನಲ್ಲಿ ಮುಖ್ಯ ಉತ್ತರವನ್ನು ಮಾತಿನಲ್ಲೇ ಬರೆಯಿರಿ: "ಸಂಜೆ ಪಾಳಿಯವರು ಸರಾಸರಿ 7.5 ನಿಮಿಷ ಜಾಸ್ತಿ ಕಾದಿದ್ದಾರೆ. ನಿಜವಾದ ವ್ಯತ್ಯಾಸ 2ರಿಂದ 13 ನಿಮಿಷದೊಳಗೆ ಇರಬಹುದು. ಸಂಜೆಯಾಗಿದ್ದೇ ಇದಕ್ಕೆ ಕಾರಣ ಎಂದು ಈ ಲೆಕ್ಕ ಹೇಳುವುದಿಲ್ಲ." ಕೊನೆಯ ವಾಕ್ಯ ಬರೆಯಲು ಮನಸ್ಸು ಬರುವುದಿಲ್ಲ, ಆದರೂ ಬರೆಯಿರಿ. ಓದುವವರು ಮೊದಲು ತಪ್ಪು ತಿಳಿಯುವುದು ಅಲ್ಲೇ.

ಕಳಿಸಿದ ಮೇಲೆ ತಪ್ಪು ಕಂಡರೆ ಹಳೆಯ ಹೆಸರಿನಲ್ಲೇ ಹೊಸ ಫೈಲ್ ಕಳಿಸಬೇಡಿ. ತಾರೀಖು ಬದಲಿಸಿ, ಮೊದಲ ಶೀಟಿನ ಕೆಳಗೆ ಒಂದು ಸಾಲು ಸೇರಿಸಿ: ಯಾವ ದಿನ, ಯಾವ ಶೀಟಿನ ಯಾವ ಅಂಕಿ, ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ, ಯಾಕೆ. ಮೊದಲ ಫೈಲ್ ಪಡೆದ ಪ್ರತಿಯೊಬ್ಬರಿಗೂ ಹೊಸದನ್ನು ಕಳಿಸಿ. ಅವರು ಅದನ್ನು ಯಾರಿಗೆ ದಾಟಿಸಿದ್ದಾರೋ ಅವರಿಗೂ ತಲುಪಿಸಲು ಹೇಳಿ.